ಹೊರಗಿನ ವಿದ್ಯಾರ್ಥಿವೇತನ ಬಂತು, ಕಾಲೇಜಿನ ಅನುದಾನ ಇಳಿಯಿತು: ಒಂದು ಆಪ್ತಸಲಹೆ ಪ್ರಕರಣ

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದರ ಮಗಳಿಗೆ ಬೇರೆ ರಾಜ್ಯದ ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಗುರುತು ಸಿಗದಂತೆ ವಿವರಗಳನ್ನೂ ಮೊತ್ತಗಳನ್ನೂ ಬದಲಿಸಿದ್ದೇನೆ. ವರ್ಷದ ಒಟ್ಟು ವೆಚ್ಚ 84,000 ಡಾಲರ್. ಅದರಲ್ಲಿ ಕುಟುಂಬದ ಪಾಲೆಂದು ನಿಗದಿಯಾದದ್ದು 22,000. ಉಳಿದ 62,000ಕ್ಕೆ ಕಾಲೇಜು 55,500 ಡಾಲರ್ ಅನುದಾನ, 3,500 ಡಾಲರ್ ಫೆಡರಲ್ (ಕೇಂದ್ರ ಸರ್ಕಾರದ) ಸಾಲ ಮತ್ತು ಓದಿನ ಜೊತೆಗೇ ಮಾಡಿ 3,000 ಡಾಲರ್ ಸಂಪಾದಿಸಬಹುದಾದ ವರ್ಕ್-ಸ್ಟಡಿ ಕೆಲಸವನ್ನು ಹೊಂದಿಸಿಕೊಟ್ಟಿತ್ತು. ಅಷ್ಟರಲ್ಲಿ ಹುಡುಗಿಗೆ ಪ್ರತಿಷ್ಠಾನವೊಂದರಿಂದ 10,000 ಡಾಲರ್ ವಿದ್ಯಾರ್ಥಿವೇತನ ಬಂತು. ತಮ್ಮ ಪಾಲು 12,000ಕ್ಕೆ ಇಳಿಯಿತೆಂದು ನಂಬಿದ್ದ ಹೆತ್ತವರ ಕೈಸೇರಿದ ಪರಿಷ್ಕೃತ ಪತ್ರದಲ್ಲಿ ಸಾಲವೂ ಕೆಲಸವೂ ಸೊನ್ನೆಯಾಗಿದ್ದವು, ಅನುದಾನ 52,000ಕ್ಕೆ ಇಳಿದಿತ್ತು, ಅವರ 22,000 ಮಾತ್ರ ಹಾಗೆಯೇ ಇತ್ತು.

"ಮಗಳು ನಿದ್ದೆಗೆಟ್ಟು ಪ್ರಬಂಧ ಬರೆದದ್ದು ಕಾಲೇಜಿನ ಖಜಾನೆಗಾಗಿಯೇ?" ಎಂದು ತಾಯಿ ಕೇಳಿದರು. ಆ ನೋವು ನ್ಯಾಯವಾದದ್ದೇ. ಅಗತ್ಯವನ್ನು ಆಧರಿಸಿದ ಫೆಡರಲ್ ನೆರವು ಪಡೆಯುವವರ ಹೊರಗಿನ ವಿದ್ಯಾರ್ಥಿವೇತನವನ್ನೂ ಕಾಲೇಜು ಲೆಕ್ಕಕ್ಕೆ ಹಿಡಿಯಲೇಬೇಕು. ಆದರೆ ತನ್ನ ಸ್ವಂತ ಅನುದಾನವನ್ನು ಯಾವಾಗ, ಎಷ್ಟು ಕಡಿತಗೊಳಿಸಬೇಕೆಂಬುದು ಬಹುಮಟ್ಟಿಗೆ ಆಯಾ ಕಾಲೇಜಿನ ನೀತಿ. ಮೇರಿಲ್ಯಾಂಡ್ 2017ರಲ್ಲೇ ಇಂಥ ಕಡಿತಕ್ಕೆ ಕಾನೂನಿನ ಕಡಿವಾಣ ಹಾಕಿದ ಮೊದಲ ರಾಜ್ಯವಾದರೂ ಅದು ಅಲ್ಲಿನ ಸಾರ್ವಜನಿಕ ಕಾಲೇಜುಗಳಿಗಷ್ಟೇ ಅನ್ವಯವಾಗುವುದರಿಂದ ಇವರ ನೆರವಿಗೆ ಬರುವಂತಿರಲಿಲ್ಲ.

ವಿದ್ಯಾರ್ಥಿವೇತನದ ವಿಷಯವನ್ನು ಕಾಲೇಜಿಗೆ ತಿಳಿಸದೇ ಇದ್ದಿದ್ದರೆ ಆಗುತ್ತಿತ್ತೇ ಎಂದು ತಂದೆ ಕೇಳಿದಾಗ, ಖಂಡಿತ ಕೂಡದೆಂದೆ. ಇಂಥ ಹಣ ಹಲವು ಸಲ ನೇರವಾಗಿ ಕಾಲೇಜಿಗೇ ಹೋಗುತ್ತದೆ. ತಡವಾಗಿ ಬಯಲಾದರೆ ವರ್ಷದ ನಡುವೆ ನೆರವನ್ನು ಹಿಂದಿರುಗಿಸಬೇಕಾದೀತು.

ಬಳಿಕ ಪತ್ರವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದೆವು. ಕಾಲೇಜು ಮೊದಲು ಸಾಲವನ್ನೂ ಕೆಲಸವನ್ನೂ ತೆಗೆದಿತ್ತು, ಅಂದರೆ 6,500 ಡಾಲರ್ ಮಗಳಿಗೇ ದಕ್ಕಿತ್ತು; ನಿಜವಾದ ನಷ್ಟ ಅನುದಾನದಲ್ಲಿ ಹೋದ 3,500 ಮಾತ್ರ. ವಿದ್ಯಾರ್ಥಿವೇತನವು ವರ್ಷಕ್ಕೆ 6,500 ಮೀರದಂತೆ ಬಂದರೆ ಅದೂ ಉಳಿಯುತ್ತದೆ. ಆದ್ದರಿಂದ ಹಣವನ್ನು ನಾಲ್ಕು ವರ್ಷಗಳಿಗೆ ಹಂಚಿ ಕೊಡುವಂತೆ ಪ್ರತಿಷ್ಠಾನಕ್ಕೆ ಮಗಳೇ ಪತ್ರ ಬರೆಯಲಿ, ನೆರವಿನ ಅಗತ್ಯದ ಲೆಕ್ಕ ಹಿಗ್ಗುವಂತೆ ಲ್ಯಾಪ್‌ಟಾಪ್ ಖರೀದಿಯನ್ನು ಒಟ್ಟು ವೆಚ್ಚಕ್ಕೆ ಸೇರಿಸುವಂತೆ ಕಾಲೇಜಿನ ನೆರವು ಕಚೇರಿಯನ್ನು ಕೇಳಲಿ ಎಂದು ಸೂಚಿಸಿದೆ.

ಲ್ಯಾಪ್‌ಟಾಪಿನ ಮನವಿಗೆ ಇನ್ನೂ ಉತ್ತರ ಬಂದಿಲ್ಲ. ಪ್ರತಿಷ್ಠಾನ ಎರಡು ವರ್ಷಗಳಿಗೆ, ತಲಾ 5,000ದಂತೆ ಹಂಚಲು ಒಪ್ಪಿತು. ಕಾಲೇಜು 3,500 ಡಾಲರ್ ಅನುದಾನವನ್ನು ಮರಳಿಸಿತು, ವಾರದ ಕೆಲಸದ ಕೆಲವು ಗಂಟೆಗಳಷ್ಟೇ ಅವಳಿಗೆ ಉಳಿದವು.