ಎರೆಕ್ಲೆಯ ಸಹಿ, ರಷ್ಯಾದ ಮಾತು

ಪತ್ರ: ನಿಮ್ಮ ಕಳೆದ ಸಂಚಿಕೆಯಲ್ಲಿ ಜಾರ್ಜಿಯಾದ ದೊರೆ ಎರಡನೇ ಎರೆಕ್ಲೆಯನ್ನು ಹಾಡಿ ಹೊಗಳಿದ್ದೀರಿ. 1783ರಲ್ಲಿ ರಷ್ಯಾದ ಕಾಲಿಗೆ ಬಿದ್ದು ದೇಶವನ್ನೇ ಒತ್ತೆಯಿಟ್ಟವನು ಅವನು. ಹದಿನೆಂಟೇ ವರ್ಷಕ್ಕೆ ರಾಜ್ಯ ಕೈಬಿಟ್ಟಿತು. ಇಂಥವನಿಗೇಕೆ ಈ ಮರ್ಯಾದೆ? – ಓದುಗರೊಬ್ಬರು, ದಾವಣಗೆರೆ

ಉತ್ತರ: ಜಾರ್ಜಿಯಾ ಎಂದರೆ ಮೆಡಿಕಲ್ ಸೀಟಿನ ಫೀಸೆಷ್ಟು ಎಂದಷ್ಟೇ ವಿಚಾರಿಸುವ ಕಾಲವಿದು. ಅಲ್ಲಿನ ದೊರೆಯ ಮೇಲೆ ಸಿಟ್ಟಾಗುವ ಓದುಗರು ಸಿಕ್ಕಿದ್ದು ನಮ್ಮ ಪುಣ್ಯ. ಆದರೆ ಸಿಟ್ಟು ತಪ್ಪು ವಿಳಾಸಕ್ಕೆ ಹೋಗಿದೆ.

ನಿಮ್ಮ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. 1783ರ ಆ ಗಿಯೋರ್ಗಿಯೆವ್ಸ್ಕ್ ಒಪ್ಪಂದದಲ್ಲಿ ಎರೆಕ್ಲೆ ವಿದೇಶ ವ್ಯವಹಾರವನ್ನು ರಷ್ಯಾದ ಸಾಮ್ರಾಜ್ಞಿ ಕ್ಯಾಥರೀನಳ ಸುಪರ್ದಿಗೆ ಬಿಟ್ಟದ್ದು ನಿಜ. ಆದರೆ ಅದರ ಆರನೇ ಕಲಮನ್ನೂ ಓದಬೇಕಲ್ಲ! ಎರೆಕ್ಲೆಯ ವಂಶವೇ ಅವನ ರಾಜ್ಯವಾದ ಪೂರ್ವ ಜಾರ್ಜಿಯಾದ ಕಾರ್ತ್ಲಿ-ಕಾಖೇತಿಯ ಸಿಂಹಾಸನದಲ್ಲಿ ಮುಂದುವರಿಯುತ್ತದೆ, ಒಳಾಡಳಿತ ಮತ್ತು ಕಂದಾಯ ದೊರೆಯದೇ ಎಂದು ರಷ್ಯಾ ಬರೆದುಕೊಟ್ಟಿತ್ತು. ಜೊತೆಗೆ ಎರಡು ಪದಾತಿ ಬೆಟಾಲಿಯನ್, ನಾಲ್ಕು ಫಿರಂಗಿ. ಒತ್ತೆಯಿಟ್ಟವನು ಇಷ್ಟು ಷರತ್ತು ಬರೆಸಿಕೊಳ್ಳುತ್ತಾನೆಯೇ?

ಎರೆಕ್ಲೆ ಬೆವರು ಹರಿಸದೆ ನೆರವು ಬೇಡಿದವನೂ ಅಲ್ಲ. ಹದಿಹರೆಯದಲ್ಲೇ ಇರಾನಿನ ನಾದಿರ್ ಷಾನ ಭಾರತ ದಂಡಯಾತ್ರೆಯಲ್ಲಿ ಯುದ್ಧ ಕಲಿತವನು. ಒಂದು ಕಡೆ ಟರ್ಕಿಯ ಆಟೊಮನ್ನರು, ಇನ್ನೊಂದು ಕಡೆ ಇರಾನ್, ಉತ್ತರದ ಬೆಟ್ಟಗಳಿಂದ ಇಳಿದು ಹಳ್ಳಿಗರನ್ನು ಹೊತ್ತೊಯ್ದು ಮಾರುವ ದಾಗೆಸ್ತಾನದ ದಾಳಿಕೋರರು. ಸಂಬಳ ಕೊಟ್ಟು ಸೈನ್ಯ ಸಾಕಲು ಬೊಕ್ಕಸದಲ್ಲಿ ಹಣವಿಲ್ಲ. ಹಾಗಾಗಿ 1774ರಲ್ಲಿ ಸರದಿ ಸೈನ್ಯ ಕಟ್ಟಿದ: ಆಯುಧ ಹಿಡಿಯಬಲ್ಲ ಪ್ರತಿ ಗಂಡಸೂ ವರ್ಷಕ್ಕೊಂದು ತಿಂಗಳು ತನ್ನ ಬುತ್ತಿ, ತನ್ನ ಮದ್ದುಗುಂಡಿನೊಂದಿಗೆ ಗಡಿ ಕಾಯಬೇಕು. ದಾಳಿಗಳು ತಗ್ಗಿದವು. ಆದರೆ ಸರದಿ ತಪ್ಪದಂತೆ ಬೆನ್ನು ಹತ್ತಿ ನೋಡುವವನೊಬ್ಬ ಬೇಕು. ಆ ಕೆಲಸ ಹೊತ್ತಿದ್ದ ಮಗ ಲೆವಾನ್ 1781ರಲ್ಲಿ ಕೊಲೆಯಾದ. ವ್ಯವಸ್ಥೆ ಸಡಿಲವಾಯಿತು. ಎರಡು ವರ್ಷಕ್ಕೆ ಒಪ್ಪಂದ ಬಂತು. ಇವೆರಡನ್ನೂ ಒಟ್ಟಿಗಿಟ್ಟು ನೋಡಿ ಸ್ವಾಮಿ.

ಮುಂದೇನಾಯಿತು? 1787ರಲ್ಲಿ ಆಟೊಮನ್ನರೊಂದಿಗೆ ರಷ್ಯಾದ ಯುದ್ಧ ಶುರುವಾದದ್ದೇ ತಡ, ರಷ್ಯಾದ ಬೆಟಾಲಿಯನ್‌ಗಳು ಗಂಟುಮೂಟೆ ಕಟ್ಟಿದವು. ರಷ್ಯಾವನ್ನು ಬಿಟ್ಟುಬಾ ಎಂದು ಇರಾನಿನ ಆಘಾ ಮೊಹಮ್ಮದ್ ಖಾನ್ ಕೇಳಿದ, ಎರೆಕ್ಲೆ ಬಿಡಲಿಲ್ಲ. 1795ರ ಸೆಪ್ಟೆಂಬರ್‌ನಲ್ಲಿ ಖಾನ್ ಸುಮಾರು 35,000 ಸೈನಿಕರೊಂದಿಗೆ ರಾಜಧಾನಿ ಟಿಬಿಲಿಸಿಯ ಅಂಚಿನ ಕ್ರತ್ಸಾನಿಸಿಗೆ ಬಂದಾಗ ಎರೆಕ್ಲೆಯ ಬಳಿ ಇದ್ದದ್ದು ಸುಮಾರು 5,000, ಅದರಲ್ಲೂ 2,000 ಮಂದಿ ಪಶ್ಚಿಮ ಜಾರ್ಜಿಯಾದ ಇಮೆರೆತಿ ರಾಜ್ಯದಿಂದ ಬಂದವರು. ರಷ್ಯನ್ ಸೇನಾಪತಿ ಗುಡೊವಿಚ್‌ಗೆ ಕಳಿಸಿದ ಮೊರೆಗೆ ಒಂದು ತುಕಡಿಯೂ ಬರಲಿಲ್ಲ. ಎಪ್ಪತ್ತೈದರ ಹೊಸ್ತಿಲಲ್ಲಿದ್ದ ದೊರೆ ರಣರಂಗ ಬಿಡಲೊಲ್ಲದೆ ನಿಂತಿದ್ದ. ಮೊಮ್ಮಗ ಎಳೆದುಕೊಂಡು ಹೋದ. ಟಿಬಿಲಿಸಿ ಸುಟ್ಟು ಬೂದಿಯಾಯಿತು. ಒಪ್ಪಂದ ಮುರಿದವರು ಯಾರು, ನೀವೇ ಹೇಳಿ.

ಬೈಯಲೇಬೇಕೆಂದಿದ್ದರೆ 1791ಕ್ಕೆ ಬೈಯಿರಿ. ರಾಣಿ ದಾರೆಜಾನಳ ಮಾತಿಗೆ ಕಟ್ಟುಬಿದ್ದು, ಪಟ್ಟ ತಂದೆಯಿಂದ ಮಗನಿಗಲ್ಲ, ಅಣ್ಣನಿಂದ ತಮ್ಮನಿಗೆ ಎಂದು ಉಯಿಲು ಬದಲಿಸಿದ. ಎರಡನೇ ಮಡದಿಯ ಮಗ ಗಿಯೋರ್ಗಿ ಒಂದು ಕಡೆ, ಮೂರನೇ ಮಡದಿ ದಾರೆಜಾನಳ ಮಕ್ಕಳು ಇನ್ನೊಂದು ಕಡೆ. ಇದೊಂದು ಮಾತ್ರ ನಮಗೂ ನುಂಗಲಾಗದ ತಪ್ಪು. ಎರೆಕ್ಲೆಯ ನಂತರ ಪಟ್ಟಕ್ಕೆ ಬಂದ ಗಿಯೋರ್ಗಿ ಆ ಉಯಿಲನ್ನು ರದ್ದುಮಾಡಿ ರಷ್ಯಾದ ಬೆಂಬಲಕ್ಕೆ ಕಾದ. ಮನೆಜಗಳವೇ ರಾಜ್ಯ ನುಂಗಲು ರಷ್ಯಾಕ್ಕೆ ನೆಪವಾಯಿತು.

ನಮ್ಮ ಬೇಸರ ನಿಮ್ಮ ಮೇಲಲ್ಲ. ವಾಟ್ಸಾಪಿನಲ್ಲಿ ದೊರೆಗಳಿಗೆ ‘ವೀರ’, ‘ದ್ರೋಹಿ’ ಎಂದು ಚೀಟಿ ಅಂಟಿಸಿ ಹಂಚುವವರ ಮೇಲೆ, ‘1783 ಒಪ್ಪಂದ, 1801 ವಿಲೀನ’ ಎಂದು ಬಿಟ್ಟ ಸ್ಥಳ ತುಂಬಿಸಿ ಮುಗಿಸುವ ಇತಿಹಾಸ ಪಾಠದ ಮೇಲೆ. ಕಲಮು ಓದಿಸುವವರಿಲ್ಲ, ಸೈನ್ಯದ ಅನ್ನ ಎಲ್ಲಿಂದ ಬಂತೆಂದು ಕೇಳುವವರಿಲ್ಲ. ಸೋತವನಿಗೆ ಬೈಯುವುದು ಮಾತ್ರ ಸುಲಭ.

ವಿಲೀನವಾದರೂ ಹೇಗಾಯಿತು? 1802ರಲ್ಲಿ ಟಿಬಿಲಿಸಿಯ ಸಿಯೋನಿ ಕ್ಯಾಥೆಡ್ರಲ್‌ನೊಳಗೆ ಕುಲೀನರನ್ನು ಸೇರಿಸಿ, ಸುತ್ತ ಸೈನಿಕರನ್ನು ನಿಲ್ಲಿಸಿ ಜಾರ್‌ನ ಹೆಸರಲ್ಲಿ ಪ್ರಮಾಣ ಮಾಡಿಸಿದರು. ಮರುವರ್ಷ ಏಪ್ರಿಲ್‌ನಲ್ಲಿ ಎರೆಕ್ಲೆಯ ಸೊಸೆ, ಗಿಯೋರ್ಗಿಯ ವಿಧವೆ ರಾಣಿ ಮರಿಯಮ್‌ಳನ್ನು ರಷ್ಯಾಕ್ಕೆ ಸಾಗಿಸಲು ರಷ್ಯನ್ ಜನರಲ್ ಲಾಜರೆವ್ ಅವಳ ಕೋಣೆಗೇ ನುಗ್ಗಿದ. ಅವಳು ಅವನನ್ನು ಅಲ್ಲೇ ಕಠಾರಿಯಿಂದ ಇರಿದು ಕೊಂದಳು. ಅವಳ ಬಗ್ಗೆಯೂ ಒಂದು ಪತ್ರ ಬರೆಯಿರಿ.