ಸಂಪಾದಕರ ಉತ್ತರ: ಸೂಜಿ ಚುಚ್ಚುವ ಮೊದಲು ನಾಲ್ಕು ಮಾತು

ಕೊಡಗಿನ ಶನಿವಾರಸಂತೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "2021ರಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗೂ ಕೋವಿಶೀಲ್ಡ್ ಎರಡು ಡೋಸ್ ಆಯಿತು. ಹಾಸನದ ಹೃದಯಾಘಾತದ ಸುದ್ದಿ ಕೇಳಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ನಮ್ಮ ಯಜಮಾನರಿಗೆ ಶುಗರ್, ಬಿಪಿ ಎರಡೂ ಇದೆ. ಎದೆ ಉರಿ ಅಂದರೂ ನನ್ನ ಕೈಕಾಲು ನಡುಗುತ್ತದೆ. ಅತ್ತೆಯವರು ಇನ್ನು ಯಾವ ಲಸಿಕೆಯೂ ಬೇಡ ಎಂದು ಹಟ ಹಿಡಿದಿದ್ದಾರೆ. ನಾವು ತಪ್ಪು ಮಾಡಿದೆವಾ? ಅವತ್ತು ನಮಗೆ ಯಾರೂ ಏನೂ ಹೇಳಲಿಲ್ಲ."

ತಾಯಿ, ನೀವು ತಪ್ಪು ಮಾಡಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇವತ್ತು ರಾತ್ರಿ ಆದರೂ ನೆಮ್ಮದಿಯಿಂದ ಮಲಗಿ. ಆದರೆ ಯಾರೂ ಏನೂ ಹೇಳಲಿಲ್ಲ ಎಂದಿರಲ್ಲ, ಆ ಮಾತನ್ನು ಹಾಗೇ ಬಿಡಲು ನನಗೆ ಮನಸ್ಸಿಲ್ಲ. ಉತ್ತರ ಉದ್ದವಾದರೆ ಅದೇ ಕಾರಣ.

2025ರಲ್ಲಿ ಹಾಸನ ಜಿಲ್ಲೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂದಾಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಬೆಳಗಿನ ಜಾವಕ್ಕೇ ಸಾಲು ನಿಂತಿತ್ತು. ಹಠಾತ್ ಸಾವುಗಳ ಬಗ್ಗೆ ಸರ್ಕಾರ ಅದಕ್ಕೂ ಮೊದಲೇ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತ್ತು. ಲಸಿಕೆಗೂ ಇಂಥ ಸಾವುಗಳಿಗೂ ಸಂಬಂಧ ಕಾಣುವುದಿಲ್ಲ ಎಂದು ಸಮಿತಿ 2025ರ ಜುಲೈನಲ್ಲಿ ಹೇಳಿತು. ಅದಕ್ಕೂ ಮುಂಚೆ, 2023ರಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ಬಂದಿತ್ತು. ದೇಶದ 47 ದೊಡ್ಡ ಆಸ್ಪತ್ರೆಗಳ ಮೂಲಕ, ಚೆನ್ನಾಗಿಯೇ ಇದ್ದು ದಿಢೀರನೆ ತೀರಿಕೊಂಡ 18ರಿಂದ 45 ವರ್ಷದವರ ವಿವರ ಕಲೆಹಾಕಿ ನೋಡಿದರು. ಲಸಿಕೆ ಅಪಾಯ ಹೆಚ್ಚಿಸಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಹೆಚ್ಚಿಸಿದ್ದು ಬೇರೆ ಸಂಗತಿಗಳು: ಕೋವಿಡ್ ಜೋರಾಗಿ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು ಆಗಿದ್ದದ್ದು, ಹಿಂದಿನ ಎರಡು ದಿನದಲ್ಲಿ ಮಿತಿಮೀರಿ ಕುಡಿದದ್ದು. ಕುಡಿತದ ವಿಷಯ ನಮ್ಮ ಜಿಲ್ಲೆಯಲ್ಲಿ ಯಾರೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಲಿಲ್ಲ. ಕಳಿಸಬೇಕಿತ್ತು.

ಸಂಶಯಪಟ್ಟವರ ಮಾತಿನಲ್ಲೂ ಒಂದು ಎಳೆ ಸತ್ಯವಿದೆ. ಕೋವಿಶೀಲ್ಡ್‌ನಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಇಳಿಯುವ ತೊಂದರೆ ಇದ್ದದ್ದು ನಿಜ. ಈ ಲಸಿಕೆಯ ಮೂಲ ಕಂಪನಿ ಆಸ್ಟ್ರಾಜೆನೆಕಾ ಬ್ರಿಟನ್ನಿನ ಕೋರ್ಟಿನಲ್ಲಿ ಅದನ್ನು ಒಪ್ಪಿಕೊಂಡಿದ್ದು 2024ರಲ್ಲಿ ಸುದ್ದಿಯಾಯಿತು. ಆದರೆ ವೈದ್ಯರಿಗೆ ಅದು 2021ರಿಂದಲೇ ಗೊತ್ತಿತ್ತು, ಕೇಂದ್ರ ಆರೋಗ್ಯ ಇಲಾಖೆ ಆ ವರ್ಷದ ಮೇ ತಿಂಗಳಲ್ಲೇ ಲಕ್ಷಣಗಳ ಪಟ್ಟಿ ಕೊಟ್ಟಿತ್ತು. ಬಿಡದ ತಲೆನೋವು, ಉಸಿರಾಟದ ಕಷ್ಟ, ಎದೆನೋವು, ಕಾಲು ಊತ, ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕಿ. ಇದು ಕಾಣಿಸಿಕೊಳ್ಳುವುದು ಲಸಿಕೆ ಪಡೆದ ಕೆಲವೇ ವಾರದಲ್ಲಿ. ನಾಲ್ಕು ವರ್ಷ ಕಳೆದ ಮೇಲೆ ನಿಮ್ಮ ಯಜಮಾನರಿಗೆ ಬಂದ ಎದೆ ಉರಿಯನ್ನು ಅದರ ತಲೆಗೆ ಕಟ್ಟಬೇಡಿ.

ಹಾಗಂತ ಆ ಎದೆ ಉರಿಯನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಲೂ ಬೇಡಿ. ಶುಗರ್ ಇರುವವರಿಗೆ ಹೃದಯಾಘಾತ ಜೋರು ನೋವಿಲ್ಲದೆಯೂ ಬರಬಹುದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ತೋರಿಸುವ ವ್ಯವಸ್ಥೆ ಇದೆ. ಈ ವಾರವೇ ಅವರನ್ನು ಕರೆದುಕೊಂಡು ಹೋಗಿ.

ಈಗ ಲಸಿಕೆ ಹಾಕಿದವರ ಬಗ್ಗೆ. 2021ರ ಮಳೆಗಾಲದಲ್ಲಿ ಸಿದ್ದಾಪುರ ಹತ್ತಿರದ ತೋಟವೊಂದಕ್ಕೆ ನಾನು ಹೋಗಿದ್ದೆ. ಕಾರ್ಮಿಕರ ಲೈನ್ ಮನೆ ಜಗಲಿಯಲ್ಲಿ ಐಸ್ ಪ್ಯಾಕ್ ತುಂಬಿದ ನೀಲಿ ಡಬ್ಬಿ ಇಟ್ಟುಕೊಂಡು ನರ್ಸಮ್ಮ ಕೂತಿದ್ದರು. ಒಂದು ಬಾಟಲಿಯಲ್ಲಿ ಹತ್ತು ಜನರ ಡೋಸ್. ಮುಚ್ಚಳ ಚುಚ್ಚಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಎಂಟು ಜನ ಬಂದಿದ್ದರು, ಇನ್ನಿಬ್ಬರು ಬೇಕು. ಆಶಾ ಕಾರ್ಯಕರ್ತೆ ಕೊಡೆ ಹಿಡಿದು, ಜಿಗಣೆ ಕಿತ್ತು ಹಾಕುತ್ತಾ, ಮೇಲಿನ ಲೈನಿಗೆ ಹತ್ತಿ ಹೋದರು. ಫೋನಿಗೆ ಓಟಿಪಿ ಬರಲು ಇನ್ನೊಬ್ಬರು ನೆಟ್‌ವರ್ಕ್ ಸಿಗುವ ದಿಣ್ಣೆ ಹುಡುಕಿ ನಿಂತಿದ್ದರು. ಬುಡಕಟ್ಟಿನವರ ಹಾಡಿಗಳಿಗೂ ಹೀಗೇ ನಡೆದುಕೊಂಡು ಹೋದರು ಇವರು, ಆನೆ ಓಡಾಡುವ ದಾರಿಯಲ್ಲಿ. ಅವರನ್ನು ನೆನೆದರೆ ಇವತ್ತಿಗೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಅಷ್ಟು ಕಷ್ಟಪಟ್ಟವರಿಗೆ ಒಂದೊಂದು ಮಾತು ಹೇಳಲು ಸಮಯ ಸಿಗಲಿಲ್ಲ, ಅದೇ ನನ್ನ ಸಂಕಟ. ಅರ್ಧ ಗಂಟೆ ಕೂರಿ ಎಂದರು. ಯಾಕೆ ಎಂದು ಹೇಳಲಿಲ್ಲ. ಜನ ಹತ್ತು ನಿಮಿಷಕ್ಕೇ ಎದ್ದು ಜೀಪು ಹತ್ತಿದರು. ತೀವ್ರ ಅಲರ್ಜಿ ಆಗುವುದಿದ್ದರೆ ಬಹುಪಾಲು ಆ ಅರ್ಧ ಗಂಟೆಯೊಳಗೇ ಆಗುತ್ತದೆ, ಅದಕ್ಕೆ ಬೇಕಾದ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲೇ ಇರುತ್ತದೆ. ಇಷ್ಟು ಹೇಳಿದ್ದರೆ ಯಾರು ಎದ್ದು ಹೋಗುತ್ತಿದ್ದರು? ತೋಳು ನೋವು, ಒಂದೆರಡು ದಿನದ ಜ್ವರ, ಮೈಕೈ ನೋವು ಸಹಜ ಎಂದು ಮೊದಲೇ ಹೇಳಿದ್ದರೆ ಎರಡನೇ ಡೋಸ್‌ಗೆ ಹೆದರುತ್ತಿರಲಿಲ್ಲ. ಲಸಿಕೆಯಿಂದಲೇ ಕೋವಿಡ್ ಬಂತು ಎಂದವರಿಗೆ, ಕೋವ್ಯಾಕ್ಸಿನ್‌ನಲ್ಲಿ ಇರುವುದು ಸತ್ತ ವೈರಸ್, ಕೋವಿಶೀಲ್ಡ್‌ನಲ್ಲಿ ಇರುವುದು ಬೆಳೆಯಲಾರದಂತೆ ಮಾಡಿದ ಬೇರೆಯೇ ಶೀತದ ವೈರಸ್, ಎರಡರಿಂದಲೂ ಕೋವಿಡ್ ಬರಲಾರದು ಎಂದು ಎರಡು ಸಾಲು ಸಾಕಿತ್ತು. ಲಸಿಕೆ ಪಡೆದವರಿಗೂ ಸೋಂಕು ತಗಲಬಹುದು, ಆದರೆ ಆಕ್ಸಿಜನ್ ಹಾಕುವ ಮಟ್ಟಕ್ಕೆ ಹೋಗುವುದು ಕಡಿಮೆ. ಇದನ್ನೂ ಹೇಳಲಿಲ್ಲ.

ನಿಮ್ಮನ್ನೂ ಸ್ವಲ್ಪ ಗದರಬೇಕು, ಬೇಸರ ಮಾಡಬೇಡಿ. ಕೇಳುವುದು ನಿಮ್ಮ ಹಕ್ಕು, ನೀವು ಕೇಳಲಿಲ್ಲ. ಡಾಕ್ಟರ ಮುಂದೆ ಬಾಯಿ ತೆರೆದರೆ ಅವರಿಗೆ ಕೋಪ ಬರುತ್ತದೆ ಎಂದು ನಾವೆಲ್ಲ ಸುಮ್ನೆ ಕೂರುತ್ತೇವೆ. ಯಾವ ಲಸಿಕೆಗೆ ಹೋದರೂ ನಿಮ್ಮ ಕಡೆಯಿಂದ ಹೇಳಲೇಬೇಕಾದದ್ದು ಇದೆ. ಈಗ ಜ್ವರ ಇದೆಯಾ, ಹಿಂದೆ ಯಾವ ಔಷಧಿಗಾದರೂ ಮೈ ಊದಿಕೊಂಡಿತ್ತಾ, ಗರ್ಭಿಣಿಯಾ, ಇತ್ತೀಚೆಗೆ ಕೋವಿಡ್ ಆಗಿತ್ತಾ. ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಅದನ್ನು ಹೇಳಿದರೆ ಸಾಕು, ಚುಚ್ಚಿದ ಜಾಗವನ್ನು ಜಾಸ್ತಿ ಹೊತ್ತು ಒತ್ತಿ ಹಿಡಿಯುತ್ತಾರೆ. ಲಸಿಕೆಗೆಂದು ಆ ಮಾತ್ರೆಯನ್ನು ನೀವೇ ನಿಲ್ಲಿಸುವುದು ಅಪಾಯ. ಮೊದಲ ಡೋಸ್‌ಗೆ ತೀವ್ರ ಅಲರ್ಜಿ ಆಗಿದ್ದರೆ ಅದೇ ಲಸಿಕೆಯ ಎರಡನೇ ಡೋಸ್ ಬೇಡ.

ಅತ್ತೆಯವರ ಜೊತೆ ಜಗಳ ಬೇಡ. ಮಳೆಗಾಲದ ಆಟಿ ತಿಂಗಳಲ್ಲಿ ಮದ್ದು ಸೊಪ್ಪಿನ ಪಾಯಸ ಅವರು ಖಂಡಿತ ಮಾಡುತ್ತಾರೆ. ಮಾಡಲಿ, ನಾನೂ ತಪ್ಪದೆ ತಿನ್ನುತ್ತೇನೆ. ಆದರೆ ಅವರ ವಯಸ್ಸಿನವರಿಗೆ ಸಿಡುಬಿನ ಕಲೆ ಹೊತ್ತ ಮುಖಗಳು ನೆನಪಿರುತ್ತವೆ. ಭಾರತದಲ್ಲಿ ಸಿಡುಬು 1975ಕ್ಕೆ ನಿಂತಿತು. ಸಹಜವಾಗಿ ಹರಡುವ ಪೋಲಿಯೋ ವೈರಸ್‌ನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ. ಎರಡನ್ನೂ ನಿಲ್ಲಿಸಿದ್ದು ಲಸಿಕೆಯೇ ಎಂದು ಅವರ ಮೊಮ್ಮಕ್ಕಳ ಬಾಯಿಂದ ಹೇಳಿಸಿ ನೋಡಿ.

ಇನ್ನು ನನ್ನ ಹಳೆಯ ಸಿಟ್ಟು. ನಮ್ಮಲ್ಲಿ ಸ್ವಲ್ಪ ಜೋರು ಕಾಯಿಲೆ ಬಂದರೆ ಇಂದಿಗೂ ಮೈಸೂರಿಗೋ ಮಂಗಳೂರಿಗೋ ಓಡಬೇಕು. ಮಳೆಗಾಲದಲ್ಲಿ ಗುಡ್ಡ ಜರಿದರೆ ಆ ದಾರಿಯೂ ಇಲ್ಲ, 2018ರಲ್ಲಿ ಕಂಡೆವಲ್ಲ. ಮಡಿಕೇರಿಗೆ ಮೆಡಿಕಲ್ ಕಾಲೇಜು ಬಂತು, ಸಂತೋಷ. ಆದರೆ ಹಳ್ಳಿಯಲ್ಲಿ ಹೆಸರು ಹಿಡಿದು ಕರೆದು "ಮಾತ್ರೆ ತಗೊಂಡ್ಯಾ" ಎಂದು ಕೇಳುವ ಒಬ್ಬ ನರ್ಸ್ ಇದ್ದಿದ್ದರೆ ನೀವು ಈ ಪತ್ರವನ್ನು ನನಗೆ ಬರೆಯುತ್ತಲೇ ಇರಲಿಲ್ಲ. ಪತ್ರಿಕೆಯ ಸಂಪಾದಕನನ್ನು ಕೇಳಿ ಎದೆನೋವಿಗೆ ದಾರಿ ಹುಡುಕುವ ಸ್ಥಿತಿ ಯಾವ ಹೆಣ್ಣುಮಗಳಿಗೂ ಬರಬಾರದು.

ಬೇರೆ ಓದುಗರಿಗೂ ಒಂದು ಕೇಳಿಕೆ. ನಿಮ್ಮ ಊರಿನ ಆರೋಗ್ಯ ಉಪಕೇಂದ್ರದ ಬಾಗಿಲು ವಾರಕ್ಕೆ ಎಷ್ಟು ದಿನ ತೆರೆದಿರುತ್ತದೆ, ಅಲ್ಲಿ ಯಾರು ಸಿಗುತ್ತಾರೆ ಎಂದು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಬರೆದವರ ಹೆಸರು ಹಾಕುವುದಿಲ್ಲ. ಬಂದ ಕಾರ್ಡುಗಳನ್ನೆಲ್ಲ ಮಡಿಕೇರಿಯ ಜಿಲ್ಲಾ ಆರೋಗ್ಯ ಅಧಿಕಾರಿಗಳ ಕಚೇರಿಗೆ ನಾನೇ ತಲುಪಿಸುತ್ತೇನೆ.

– ಸಂ.