ಹೂಕೋಸಿನ ಮೋಡ

ರಾಜಾಜಿನಗರದ ಓದುಗರೊಬ್ಬರು ಬರೆದಿದ್ದಾರೆ: "52ನೇ ವಯಸ್ಸಿಗೆ ಜಲವರ್ಣ ಕಲಿಯಲು ಹೊರಟೆ. ಸ್ಯಾಂಕಿ ಕೆರೆಯ ಮೇಲೆ ಮೋಡ ಬರೆದರೆ ಹೂಕೋಸು ಬಂತು. ದುಬಾರಿ ಕಾಗದ ತಂದಿಟ್ಟು ಮೂರು ತಿಂಗಳಾಯಿತು, ಮುಟ್ಟಲು ಭಯ. ಚಿತ್ರಸಂತೆ ನೋಡಿ ಬಂದ ಮೇಲಂತೂ ಕುಂಚ ತೊಳೆದಿಟ್ಟೆ. ಬಿಟ್ಟುಬಿಡಲೇ?"

ಬಿಡಬೇಡಿ. ಮೊದಲು ಆ ಹೂಕೋಸಿನ ವಿಚಾರ. ಬಳಿದ ಬಣ್ಣ ಅರ್ಧ ಒಣಗಿರುವಾಗ ನೀರು ತುಂಬಿದ ಕುಂಚ ಇಟ್ಟರೆ, ಹೊಸ ನೀರು ಹಳೇ ಬಣ್ಣವನ್ನು ಹೊರಕ್ಕೆ ತಳ್ಳುತ್ತದೆ. ಅದು ಅಂಚಿಗೆ ಹೋಗಿ ಕೂತು ಒಣಗುತ್ತದೆ, ಅಷ್ಟೇ. ಮೋಡದಲ್ಲಿ ಬೇಡವಾದ ಈ ಕಲೆ ಪಾಚಿಗಟ್ಟಿದ ಗೋಡೆ ಬರೆಯುವಾಗ ಬೇಕಾಗುತ್ತದೆ. ಆದರೆ ಯಾವಾಗ ಬರುತ್ತದೆ ಅಂತ ಗೊತ್ತಿರಬೇಕಲ್ಲ? ಅದಕ್ಕೆ ಹತ್ತು ಸಲ ಬೇಕಂತಲೇ ಕೆಡಿಸಿ. ಒಮ್ಮೆ ಬಳಿದ ತಕ್ಷಣ ನೀರು ಬಿಡಿ, ಒಮ್ಮೆ ಹೊಳಪು ಆರಿದ ಮೇಲೆ. ಅಡುಗೆಮನೆಯಿಂದ ಚಿಟಿಕೆ ಉಪ್ಪು ತಂದು ಹಸಿ ಬಣ್ಣದ ಮೇಲೆ ಉದುರಿಸಿ, ಒಣಗಿದಾಗ ಕೊಡವಿ, ಚುಕ್ಕಿಗಳು ಅರಳಿರುತ್ತವೆ. ಅವತ್ತು ಚಿತ್ರ ಬರೆಯುವ ಹಾಗೇ ಇಲ್ಲ. ಸುಮ್ನೆ ಆಟ. (ಮಳೆಗಾಲದಲ್ಲಿ ಬಣ್ಣ ಒಣಗಲು ಹೊತ್ತು ಜಾಸ್ತಿ. ಮಾರ್ಚಿನ ಲೆಕ್ಕ ಜುಲೈಗೆ ನಡೆಯುವುದಿಲ್ಲ.)

ಅಗ್ಗದ ಕಾಗದದಲ್ಲಿ ಆಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತೆಳು ಕಾಗದ ಸುರುಟಿಕೊಳ್ಳುತ್ತದೆ, ನೀರು ಅಲ್ಲಿ ಬೇರೆಯೇ ಥರ ಓಡುತ್ತದೆ. ಅಲ್ಲಿ ಕಲಿತದ್ದು ಇಲ್ಲಿ ಸಿಗುವುದಿಲ್ಲ. ನಿಮ್ಮ ಒಳ್ಳೇ ಹಾಳೆಯನ್ನೇ ಕತ್ತರಿಸಿ. 22 ಇಂಚು ಅಗಲ, 30 ಇಂಚು ಉದ್ದದ್ದಾದರೆ 16 ತುಂಡಾಗುತ್ತದೆ. ಕತ್ತರಿ ಬಿದ್ದ ಮೇಲೆ ಅದು ದೇವರ ಪಟ ಅಲ್ಲ, ಚೀಟಿ.

ನಿಮ್ಮ ಬೀದಿಯಲ್ಲೇ ನೋಡಿ. ರಂಗೋಲಿ ಇಡುವವರು ಗೆರೆ ತಪ್ಪಿದರೆ ಅಂಗೈಯಲ್ಲಿ ಒರೆಸಿ ಮುಂದೆ ಹೋಗುತ್ತಾರೆ. ನಾಳೆ ಬೆಳಿಗ್ಗೆ ಹೇಗೂ ತೊಳೆಯುವುದೇ. ಅದಕ್ಕೇ ಆ ಕೈ ನಡುಗುವುದಿಲ್ಲ, ಅಲ್ವಾ?

ಇನ್ನು ಚಿತ್ರಸಂತೆ. ಕುಮಾರಕೃಪಾ ರಸ್ತೆಗೆ ಬರುವುದು ಗೆದ್ದ ಚಿತ್ರಗಳು. ಕೆಟ್ಟವು ಮನೆಯಲ್ಲಿ ಮಂಚದ ಕೆಳಗಿರುತ್ತವೆ. ಪಿಕಾಸೊ 1937ರಲ್ಲಿ 'ಗೆರ್ನಿಕಾ' ಚಿತ್ರ ಬರೆದಾಗ ಅವರ ಗೆಳತಿ, ಛಾಯಾಗ್ರಾಹಕಿ ಡೋರಾ ಮಾರ್ ಹಂತಹಂತವಾಗಿ ಫೋಟೊ ತೆಗೆದಿದ್ದರು. ಅದರಿಂದ ನಮಗೆ ಒಳಗಿನ ಗುಟ್ಟು ಗೊತ್ತಾಯಿತು. ಮೊದಲು ಅದರಲ್ಲಿ ಮೇಲೆತ್ತಿದ ದೊಡ್ಡ ಮುಷ್ಟಿಯಿತ್ತು. ಪಿಕಾಸೊ ಅದನ್ನು ಅಳಿಸಿದರು. ಕುದುರೆಯ ತಲೆ ಬಗ್ಗಿತ್ತು, ಎತ್ತಿಸಿದರು. ಸುಮಾರು 25 ಅಡಿ ಅಗಲದ ಕ್ಯಾನ್ವಾಸಿನ ಮೇಲೆ ಈ ಚಿತ್ತುಕಾಟು!

"ಸೋಲೇ ಗೆಲುವಿನ ಮೆಟ್ಟಿಲು" ಅಂತ ನಾನು ಹೇಳುವುದಿಲ್ಲ. ಕೆಲವು ಚಿತ್ರ ಬರೀ ಕೆಟ್ಟಿರುತ್ತವೆ, ಏನೂ ಕಲಿಸುವುದಿಲ್ಲ. ಗೆಳೆಯನ ಗೃಹಪ್ರವೇಶಕ್ಕೆ ನಾನು ಆಮಂತ್ರಣ ಅಚ್ಚೊತ್ತಲು ಲಿನೋ ಹಲಗೆಯಲ್ಲಿ (ಕೆತ್ತಿ, ಮಸಿ ಬಳಿದು ಒತ್ತುವ ಮೆತ್ತನೆ ಹಲಗೆ) "ಬನ್ನಿ" ಅಂತ ಕೆತ್ತಿದ್ದೆ. ಅಚ್ಚಿಗೆ ಅಕ್ಷರ ತಿರುಗಿಸಿ ಕೆತ್ತಬೇಕು ಅನ್ನುವುದೇ ಮರೆತಿತ್ತು. ಒತ್ತಿದರೆ ಕನ್ನಡಿಯಲ್ಲಿ ನೋಡಿದ ಹಾಗೆ ಬಂತು. ಮೂರು ರಾತ್ರಿಯ ಕೆಲಸ. ಕೊನೆಗೆ ಗೆಳೆಯ ಫೋನಿನಲ್ಲೇ ಎಲ್ಲರನ್ನೂ ಕರೆದ. ಆ ಹಲಗೆ ಈಗ ನನ್ನ ಮೇಜಿನ ಮೇಲಿದೆ, ನಿಮ್ಮ ಪತ್ರ ಹಾರದ ಹಾಗೆ ಕೂತಿದೆ.

ಅಂದ ಹಾಗೆ, ಆ ಹೂಕೋಸಿನ ಮೋಡ ಹರಿದು ಹಾಕಿಲ್ಲ ತಾನೇ? ನಮಗೆ ಕಳಿಸಿ. ಅಂಚೆಗೆ ಹಾಕುವಾಗ ಮಡಚಬೇಡಿ.

ಸಂಪಾದಕ